ಅಟ್ಟದ ಮೇಲಿನ ತೊಟ್ಟಿಲು ಇಳಿಸುವ ಮುನ್ನ: ಹಳೆ ಬಣ್ಣ ಕೆರೆಯೋದ್ರಲ್ಲೇ ಇದೆ ಅಪಾಯ

ಧಾರವಾಡ: ಮಗಳಿಗೆ ದಿನ ತುಂಬುತ್ತ ಬಂದಂತೆ ತವರುಮನೆಯಲ್ಲಿ ಅಟ್ಟದ ಮೇಲಿನ ತೊಟ್ಟಿಲಿನ ನೆನಪಾಗುತ್ತದೆ. ಅಜ್ಜಿ ಕಾಲದ್ದೋ, ದೊಡ್ಡಪ್ಪನ ಮನೆಯಿಂದ ಬಂದದ್ದೋ, ಓಣಿಯವರು ಕೊಟ್ಟದ್ದೋ ಒಂದು ಇರುತ್ತದೆ. ಇಲ್ಲದವರು ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಗೆ ಹೋಗಿ, ಇಲ್ಲವೇ ಮೊಬೈಲ್‌ನಲ್ಲಿ ನೋಡಿ, ಸುತ್ತ ಕಟಕಟೆ ಇರುವ ಮಕ್ಕಳ ಮಂಚವನ್ನು ಅರ್ಧ ರೇಟಿಗೆ ತರುತ್ತಾರೆ. ತಂದ ಮೇಲೆ ಮನೆಯಲ್ಲಿ ಮೊದಲು ಬರುವ ಮಾತು ಒಂದೇ: "ಬಣ್ಣ ಹೋಗೇತಿ, ಒಂದ್ ಕೈ ಪೇಂಟ್ ಹೊಡಿಸಿಬಿಡ್ರಿ."

ಹಳೆ ತೊಟ್ಟಿಲು ಬಳಸೋದು ತಪ್ಪೇನಲ್ಲ. ಹಳೆ ಸಾಗವಾನಿ ಕಟ್ಟಿಗೆ ಇವತ್ತು ಅಂಗಡಿಯಲ್ಲಿ ಸಿಗುವ ಒತ್ತು ಹಲಗೆಗಿಂತ ಎಷ್ಟೋ ಗಟ್ಟಿ. ರೊಕ್ಕವೂ ಉಳಿಯುತ್ತದೆ, ಮನೆತನದ ನೆನಪೂ ಉಳಿಯುತ್ತದೆ. ತೊಂದರೆ ಶುರುವಾಗೋದು ಅದಕ್ಕೆ ಹೊಸ ರೂಪ ಕೊಡಲು ಹೊರಟಾಗ. ಅಂಗಳದಲ್ಲಿ ತೊಟ್ಟಿಲು ಇಟ್ಟು, ಪಾಲಿಶ್ ಪೇಪರ್ ಹಿಡಿದು ಗರಗರ ಉಜ್ಜುತ್ತಾರೆ. ಬಣ್ಣದ ಧೂಳು ಏಳುತ್ತದೆ. ಗರ್ಭಿಣಿ ಅಲ್ಲೇ ಕಟ್ಟೆಯ ಮೇಲೆ ಕೂತು ಯಾವ ಬಣ್ಣ ಚಂದ ಅಂತ ಹೇಳುತ್ತಿರುತ್ತಾಳೆ. ಮನೆಯ ಸಣ್ಣ ಮಕ್ಕಳು ಸುತ್ತಮುತ್ತ ಆಡುತ್ತಿರುತ್ತಾರೆ. ಆ ಧೂಳಿನಲ್ಲಿ ಸೀಸ ಇದ್ದರೆ, ಮಗು ಹುಟ್ಟುವ ಮೊದಲೇ ಅದರ ಮೈಗೆ ವಿಷ ಸೇರುವ ದಾರಿ ತೆರೆದಂತೆ.

ಸೀಸ ಅಂದರೆ ಯಾವುದು?

ಪೆನ್ಸಿಲಿಗೆ 'ಸೀಸದ ಕಡ್ಡಿ' ಅನ್ನುವ ರೂಢಿ ಇದೆ. ಅದರಲ್ಲಿ ಇರೋದು ಗ್ರಾಫೈಟ್, ಸೀಸ ಅಲ್ಲ. ಇಲ್ಲಿ ಹೇಳುತ್ತಿರುವುದು ಹಳೆ ವಾಹನಗಳ ಬ್ಯಾಟರಿಯಲ್ಲಿ ಇರುವ ಭಾರದ ಲೋಹ, ಅಂದರೆ ಲೆಡ್. ಎನಾಮಲ್ ಅಥವಾ ಆಯಿಲ್ ಪೇಂಟ್‌ಗೆ ಇದರ ಲವಣಗಳನ್ನು ಬಹಳ ವರ್ಷ ಬೆರೆಸುತ್ತಿದ್ದರು. ಬಣ್ಣ ಗಾಢವಾಗಿ ಕಾಣಲಿ, ಬೇಗ ಒಣಗಲಿ, ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲಿ ಅನ್ನೋದು ಕಾರಣ. ಹಳದಿ ಮತ್ತು ಕಿತ್ತಳೆಗೆ ಲೆಡ್ ಕ್ರೋಮೇಟ್, ಬಿಳಿಗೆ ವೈಟ್ ಲೆಡ್, ಕಬ್ಬಿಣದ ಪ್ರೈಮರ್‌ಗೆ ರೆಡ್ ಲೆಡ್ ಬಳಕೆಯಲ್ಲಿದ್ದವು.

ಭಾರತದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿನ ಸೀಸಕ್ಕೆ ಕಡ್ಡಾಯ ಮಿತಿ ಬಂದದ್ದು ತೀರಾ ಈಚೆಗೆ. 2016ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ಒಂದು ವರ್ಷದ ನಂತರ, 2017ರ ನವೆಂಬರ್‌ನಿಂದ ಅದು ಜಾರಿಗೆ ಬಂತು. ಅದರಂತೆ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ 90 ಪಿಪಿಎಂ ದಾಟುವಂತಿಲ್ಲ. ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ. ಒಂದು ಕಿಲೋಗೆ 90 ಮಿಲಿಗ್ರಾಂ. ಡಬ್ಬಿಯ ಮೇಲೆ ಇದನ್ನು ಮುದ್ರಿಸಬೇಕು. ಕಾರ್ಖಾನೆ, ವಾಹನ, ಯಂತ್ರಗಳಿಗೆ ಬಳಸುವ ಕೈಗಾರಿಕಾ ಬಣ್ಣಗಳು ಈ ನಿಯಮದ ಹೊರಗೆ ಉಳಿದಿವೆ.

ಹಾಗಾಗಿ 2017ಕ್ಕಿಂತ ಮೊದಲು ಬಣ್ಣ ಕಂಡ ಯಾವುದೇ ತೊಟ್ಟಿಲು, ಮಂಚ, ಕಪಾಟು, ಕುರ್ಚಿಯ ಮೇಲೆ ಸೀಸ ಇರಬಹುದು ಅಂತಲೇ ತಿಳಿದು ಕೆಲಸ ಶುರು ಮಾಡೋದು ಸುರಕ್ಷಿತ.

ಮಗುವಿಗೇ ಯಾಕೆ ಹೆಚ್ಚು ಅಪಾಯ?

ಸೀಸಕ್ಕೆ 'ಇಷ್ಟಿದ್ದರೆ ಪರವಾಗಿಲ್ಲ' ಅನ್ನುವ ಪ್ರಮಾಣ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆಯ ಪ್ರಕಾರ, ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4ರಿಂದ 5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಮೆದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಕಲಿಕೆ, ಗಮನ, ನಡವಳಿಕೆ ಮೇಲೆ ಆಗುವ ಹಾನಿ ಆಮೇಲೆ ಸರಿಪಡಿಸಲು ಬರೋದಲ್ಲ. ಶುರುವಿನಲ್ಲಿ ಯಾವ ಲಕ್ಷಣವೂ ಕಾಣದಿರಬಹುದು. ಜ್ವರ ಇಲ್ಲ, ವಾಂತಿ ಇಲ್ಲ. ಹುಡುಗ ಶಾಲೆಗೆ ಹೋದ ಮೇಲೆ "ಯಾಕೋ ಓದು ತಲಿಗೆ ಹತ್ತವಲ್ದು" ಅನ್ನುವಾಗ ತೊಟ್ಟಿಲಿನ ಬಣ್ಣ ಯಾರಿಗೂ ನೆನಪಿರೋದಿಲ್ಲ.

ಗರ್ಭಿಣಿಯ ಮಾತು ಇನ್ನೂ ಸೂಕ್ಷ್ಮ. ದೇಹಕ್ಕೆ ಹೋದ ಸೀಸ ಕ್ಯಾಲ್ಸಿಯಂನಂತೆ ನಟಿಸಿ ಎಲುಬಿನಲ್ಲಿ ಕೂತುಬಿಡುತ್ತದೆ. ಬಸುರಿ ಇದ್ದಾಗ ಮಗುವಿಗೆ ಬೇಕಾದ ಕ್ಯಾಲ್ಸಿಯಂ ತಾಯಿಯ ಎಲುಬಿನಿಂದಲೂ ಹೋಗುತ್ತದೆ. ಅದರ ಜೊತೆ ಹಳೆಯ ಸೀಸವೂ ರಕ್ತಕ್ಕೆ ಇಳಿಯುತ್ತದೆ, ಗರ್ಭದ ಮಗುವನ್ನೂ ಮುಟ್ಟುತ್ತದೆ. ರಕ್ತಹೀನತೆ ಅಥವಾ ಕಬ್ಬಿಣಾಂಶದ ಕೊರತೆ ಇದ್ದರೆ ಸೀಸ ಇನ್ನೂ ಜಾಸ್ತಿ ಹೀರಲ್ಪಡುತ್ತದೆ.

ಗಟ್ಟಿಯಾಗಿ ಅಂಟಿಕೊಂಡಿರುವ ಹಳೆ ಬಣ್ಣ ಸುಮ್ಮನೆ ಇದ್ದಷ್ಟು ಹೊತ್ತು ಅಪಾಯ ಕಡಿಮೆ. ಅದು ಹಕ್ಕಳೆ ಎದ್ದು ಉದುರಿದಾಗ, ಮಗು ಅಂಚನ್ನು ಕಚ್ಚಿದಾಗ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಒಣ ಪೇಪರ್ ಹಾಕಿ ಉಜ್ಜಿದಾಗ ವಿಷ ಹೊರಗೆ ಬರುತ್ತದೆ.

ಹನ್ನೆರಡು ದಿನದ ಲೆಕ್ಕ

ಈ ಭಾಗದಲ್ಲಿ ಇನ್ನೊಂದು ಪೇಚಾಟವೂ ಇದೆ. ಮಗು ಹುಟ್ಟುವ ಮೊದಲು ತೊಟ್ಟಿಲು ತಂದು ಕಟ್ಟಬಾರದು, ಖಾಲಿ ತೊಟ್ಟಿಲು ತೂಗಬಾರದು ಅನ್ನುವ ನಂಬಿಕೆ ಬಹಳ ಮನೆಗಳಲ್ಲಿ ಗಟ್ಟಿಯಾಗಿದೆ. ಹೆರಿಗೆ ಆದ ಮೇಲೆ ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಸಿಗೋದು ಹನ್ನೊಂದೋ, ಹನ್ನೆರಡೋ, ಹದಿಮೂರೋ ದಿನ. ಅಷ್ಟರೊಳಗೆ ಇಳಿಸಬೇಕು, ಕೆರೆಯಬೇಕು, ಬಣ್ಣ ಹೊಡೆಯಬೇಕು, ಹೂ ಕಟ್ಟಬೇಕು. ಹಿಂದಿನ ದಿನ ರಾತ್ರಿ ಎರಡನೇ ಕೋಟ್ ಹೊಡೆದ ತೊಟ್ಟಿಲಲ್ಲಿ ಮರುದಿನ ಕೂಸು ಮಲಗಿಸಿದ ಮನೆಗಳೂ ಇರುತ್ತವೆ.

ಬಣ್ಣ ಮುಟ್ಟಿದರೆ ಕೈಗೆ ಹತ್ತದಿದ್ದರೆ ಒಣಗಿತು ಅಂತ ತಿಳಿಯುತ್ತಾರೆ. ಆದರೆ ಒಣಗೋದು ಬೇರೆ, ಹದಗೊಂಡು ಗಟ್ಟಿಯಾಗೋದು ಬೇರೆ. ನೀರಿನ ಬಣ್ಣ ಒಂದೆರಡು ತಾಸಿನಲ್ಲಿ, ಎನಾಮಲ್ ಒಂದು ದಿನದಲ್ಲಿ ಮೇಲೆ ಒಣಗುತ್ತವೆ. ಒಳಗಿನ ಪದರ ಪೂರ್ತಿ ಗಟ್ಟಿಯಾಗಲು, ಅದರ ರಾಸಾಯನಿಕ ವಾಸನೆ ಹಾರಿಹೋಗಲು ಮೂರರಿಂದ ನಾಲ್ಕು ವಾರ ಬೇಕು. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಬಾಣಂತಿ ಕೋಣೆಯ ಕಿಟಕಿ ಗಾಳಿ ಬರಬಾರದು ಅಂತ ಮುಚ್ಚಿಯೇ ಇರುತ್ತದೆ. ಹೊಸ ಪೇಂಟಿನ ವಾಸನೆ ಆ ಕೋಣೆಯಲ್ಲೇ ಸುತ್ತುತ್ತದೆ. ದಿನಕ್ಕೆ ಹದಿನಾರು ತಾಸು ಮಲಗುವ ಕೂಸು ಅದನ್ನೇ ಉಸಿರಾಡುತ್ತದೆ.

ಹಾಗಂತ ಹಿರಿಯರ ಮಾತು ಮುರಿಯಬೇಕಿಲ್ಲ. ಕುಬಸದ ಹೊತ್ತಿಗೆ ಕೆಲಸ ಮುಗಿಸಿ, ತೊಟ್ಟಿಲನ್ನು ಬಿಚ್ಚಿದ ಸ್ಥಿತಿಯಲ್ಲೇ, ಬೇಕಾದರೆ ಸಂಬಂಧಿಕರ ಮನೆಯಲ್ಲೇ, ಬಟ್ಟೆ ಮುಚ್ಚಿ ಇಡಬಹುದು. ಕಟ್ಟುವುದು, ತೂಗುವುದು ಮಗು ಬಂದ ಮೇಲೆಯೇ. ರೂಢಿಯೂ ಉಳಿಯುತ್ತದೆ, ಬಣ್ಣಕ್ಕೂ ಹದಗೊಳ್ಳಲು ಟೈಮ್ ಸಿಗುತ್ತದೆ.

ಕೆರೆಯಬೇಕಾ, ಬ್ಯಾಡಾ? ಮೊದಲು ಇದನ್ನು ನೋಡಿ

ಎಲ್ಲ ಹಳೆ ಬಣ್ಣವನ್ನೂ ಕೆರೆಯಲೇಬೇಕು ಅಂತಿಲ್ಲ. ತೊಟ್ಟಿಲನ್ನು ಬೆಳಕಿನಲ್ಲಿ ಇಟ್ಟು ಎರಡು ವಿಷಯ ನೋಡಬೇಕು.

ಒಂದು, ಬಣ್ಣ ಎಲ್ಲಿಯಾದರೂ ಬಿರುಕು ಬಿಟ್ಟಿದೆಯಾ, ಉಗುರಿನಿಂದ ಕೆದರಿದರೆ ಏಳುತ್ತದೆಯಾ. ಎರಡು, ಮಗುವಿನ ಬಾಯಿ ಮುಟ್ಟುವ ಜಾಗ ಯಾವುದು. ತೂಗುವ ತೊಟ್ಟಿಲಲ್ಲಿ ಕೂಸು ಮಲಗಿಯೇ ಇರುವುದರಿಂದ ಅಂಚು ಬಾಯಿಗೆ ಸಿಗೋದು ಕಡಿಮೆ. ಕಟಕಟೆ ಮಂಚದ ಮಾತು ಬೇರೆ: ಎಂಟು–ಹತ್ತು ತಿಂಗಳಿಗೆ ಮಗು ಎದ್ದು ನಿಲ್ಲುತ್ತದೆ, ಹಲ್ಲು ಬರುವಾಗ ಮೇಲಿನ ಪಟ್ಟಿಯನ್ನೇ ಕಚ್ಚುತ್ತದೆ.

ಬಣ್ಣ ಗಟ್ಟಿ ಇದ್ದು, ಬಾಯಿಗೆ ಸಿಗದ ಜಾಗ ಆಗಿದ್ದರೆ ಉಜ್ಜದೇ ಬಿಡೋದೇ ಜಾಣತನ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಮೇಲೆ ಹೊಸ ಪದರ ಕೊಟ್ಟರೆ ಹಳೆಯದು ಒಳಗೇ ಮುಚ್ಚಿಕೊಳ್ಳುತ್ತದೆ. ಹಕ್ಕಳೆ ಎದ್ದಿದ್ದರೆ, ಅಥವಾ ಮಗು ಕಚ್ಚುವ ಪಟ್ಟಿ ಆಗಿದ್ದರೆ, ಮೇಲೆ ಬಣ್ಣ ಬಳಿದು ಸುಮ್ಮನಿರುವಂತಿಲ್ಲ. ಆ ಭಾಗದ ಹಳೆ ಬಣ್ಣ ಪೂರ್ತಿ ತೆಗೆಯಬೇಕು, ಇಲ್ಲವೇ ಬಡಿಗೇರರಿಗೆ ಹೇಳಿ ಆ ಒಂದು ಪಟ್ಟಿಯನ್ನೇ ಹೊಸ ಕಟ್ಟಿಗೆಯಿಂದ ಬದಲಿಸಬೇಕು. ಎಷ್ಟೋ ಸಲ ಪಟ್ಟಿ ಬದಲಿಸೋದೇ ಅಗ್ಗ.

ಕಣ್ಣಿನಿಂದ ನೋಡಿ ಸೀಸ ಇದೆಯೋ ಇಲ್ಲವೋ ಹೇಳಲಾಗದು. ಗಾಢ ಹಳದಿ, ಕಿತ್ತಳೆ, ಕೆಂಪು, ಹಸಿರು ಎನಾಮಲ್ ಮೇಲೆ ಅನುಮಾನ ಹೆಚ್ಚು. ಕಬ್ಬಿಣದ ಹಳೆ ತೊಟ್ಟಿಲಿನಲ್ಲಿ ಮೇಲಿನ ಬಣ್ಣದ ಕೆಳಗೆ ಹೊಳೆಯುವ ಕಿತ್ತಳೆ ಪ್ರೈಮರ್ ಕಂಡರೆ ಅದು ರೆಡ್ ಲೆಡ್ ಇರಬಹುದು. ಬಣ್ಣ ಬದಲಾಗುವ ಪರೀಕ್ಷಾ ಕಡ್ಡಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅವು ಕೆಲವೊಮ್ಮೆ ತಪ್ಪು ಉತ್ತರವನ್ನೂ ಕೊಡುತ್ತವೆ. 'ಇಲ್ಲ' ಅಂತ ತೋರಿಸಿದರೂ ಎಚ್ಚರ ಬಿಡುವಂತಿಲ್ಲ.

ಕೆರೆಯಲೇಬೇಕಾದರೆ ಹೇಗೆ?

ಮೊದಲ ನಿಯಮ: ಗರ್ಭಿಣಿ ಈ ಕೆಲಸ ಮಾಡಬಾರದು, ಹತ್ತಿರ ಕೂಡಲೂಬಾರದು. ಮಕ್ಕಳೂ ಅಷ್ಟೇ. ಕೆಲಸ ಮುಗಿದು ಜಾಗ ಒರೆಸುವ ತನಕ ಅವರು ಬೇರೆ ಕಡೆ ಇರಲಿ.

ಎರಡನೆಯದು: ಒಣ ಪೇಪರ್ ಬೇಡ, ಗ್ರೈಂಡರ್ ಮಷಿನ್ ಬೇಡವೇ ಬೇಡ. ಪೇಂಟ್ ಅಂಗಡಿಯಲ್ಲಿ 'ವಾಟರ್ ಪೇಪರ್' ಅಂತ ಕೇಳಿದರೆ ಸಿಗುತ್ತದೆ. ಬಣ್ಣದ ಮೇಲೆ ನೀರು ಚಿಮುಕಿಸಿ, ಪೇಪರನ್ನೂ ನೀರಿನಲ್ಲಿ ಅದ್ದಿ ಉಜ್ಜಿದರೆ ಧೂಳು ಏಳದೆ ಕೆಸರಾಗಿ ಇಳಿಯುತ್ತದೆ. ದಪ್ಪ ಪದರ ಇದ್ದರೆ ಒದ್ದೆ ಮಾಡಿ ಪಟ್ಟಿಯಿಂದ ಕೆರೆಯಬೇಕು.

ಮೂರನೆಯದು: ಬೆಂಕಿ ತೋರಿಸಬಾರದು. ಕೆಲವು ಕಡೆ ಬ್ಲೋ ಲ್ಯಾಂಪ್ ಹಿಡಿದು ಬಣ್ಣ ಸುಟ್ಟು ಎಬ್ಬಿಸುತ್ತಾರೆ. ಸೀಸ ಇದ್ದರೆ ಅದು ಹೊಗೆಯಾಗಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಪೇಂಟ್ ರಿಮೂವರ್ ದ್ರವ ಬಳಸುವವರು ಡಬ್ಬಿಯ ಮೇಲೆ ಮೆಥಿಲೀನ್ ಕ್ಲೋರೈಡ್ ಎಂದಿದೆಯಾ ನೋಡಬೇಕು. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಜೀವಕ್ಕೇ ಕುತ್ತು. ಅಮೆರಿಕದಲ್ಲಿ 2019ರಿಂದ ಸಾಮಾನ್ಯ ಗ್ರಾಹಕರಿಗೆ ಅಂಥ ರಿಮೂವರ್ ಮಾರುವಂತಿಲ್ಲ. ಕಾಸ್ಟಿಕ್ ಸೋಡಾ ಅಗ್ಗ, ಬಣ್ಣವನ್ನೂ ಎತ್ತುತ್ತದೆ. ಆದರೆ ಸಾಗವಾನಿಯನ್ನು ಕಪ್ಪಾಗಿಸುತ್ತದೆ, ಕೈ ಸುಡುತ್ತದೆ.

ಕೆಲಸ ಮಾಡುವವರು ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು. ಎನ್95 ಅಥವಾ ಅದಕ್ಕಿಂತ ಮೇಲ್ದರ್ಜೆಯ ಮಾಸ್ಕ್, ಕೈಗೆ ಗ್ಲೌಸ್, ಕೆಳಗೆ ಅಗಲ ಪ್ಲಾಸ್ಟಿಕ್ ಹಾಳೆ ಇರಬೇಕು. ನಡುವೆ ಚಹಾ, ಗುಟಕಾ, ಬೀಡಿ ಬೇಡ. ಕೈಯ ಧೂಳು ಬಾಯಿಗೆ ಹೋಗುವುದೇ ಹಾಗೆ. ಮುಗಿದ ಮೇಲೆ ಕಸಬರಿಗೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಾಕಿಕೊಂಡ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಪೇಂಟರ್‌ಗೂ ಮನೆಯಲ್ಲಿ ಮಕ್ಕಳಿರುತ್ತಾರೆ. ಅವರ ಅಂಗಿಯ ಮೇಲಿನ ಧೂಳು ಅವರ ಮನೆಗೂ ಹೋಗುತ್ತದೆ.

ಕೆರೆದ ಹಕ್ಕಳೆ, ಕೆಸರು, ಒರೆಸಿದ ಬಟ್ಟೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸ ಅಂತ ಹೇಳಿಯೇ ಕೊಡಬೇಕು. ಹಿತ್ತಲಿನ ಬಾಯಿಪಲ್ಲೆ ಮಡಿಗೆ, ಕೋಳಿ ಓಡಾಡುವ ಜಾಗಕ್ಕೆ ಚೆಲ್ಲಿದರೆ ಸೀಸ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಇನ್ನೊಂದು ಮಾತು ಇಲ್ಲಿಯ ಮನೆಗಳಿಗೇ ಸಂಬಂಧಿಸಿದ್ದು. ಮುರಿದ ಪಟ್ಟಿ, ಹಳೆ ಬಣ್ಣದ ತುಂಡು ಕಟ್ಟಿಗೆ ಸೀದಾ ಬಚ್ಚಲ ಒಲೆಗೆ ಹೋಗುವುದು ರೂಢಿ. ಅದೇ ಒಲೆಯ ಮೇಲೆ ಬಾಣಂತಿಗೂ ಕೂಸಿಗೂ ನೀರು ಕಾಯುತ್ತದೆ. ಬಣ್ಣದ ಕಟ್ಟಿಗೆ ಸುಟ್ಟರೆ ಸೀಸ ಹೊಗೆಯಲ್ಲೂ ಇರುತ್ತದೆ, ಬೂದಿಯಲ್ಲೂ ಇರುತ್ತದೆ. ಆ ಬೂದಿಯಿಂದಲೇ ಪಾತ್ರೆ ತಿಕ್ಕುವ ಮನೆಗಳಿವೆ. ಬಣ್ಣ ಹಚ್ಚಿದ ಕಟ್ಟಿಗೆಯನ್ನು ಒಲೆಗೆ ಹಾಕಲೇಬಾರದು.

ಕಲಘಟಗಿ ತೊಟ್ಟಿಲಾ ಇದ್ದರೆ ಬೇರೆ ಲೆಕ್ಕ

ಜಿಲ್ಲೆಯ ಎಷ್ಟೋ ಮನೆಗಳ ಅಟ್ಟದ ಮೇಲೆ ಇರೋದು ಸಾದಾ ತೊಟ್ಟಿಲಲ್ಲ, ಕಲಘಟಗಿ ತೊಟ್ಟಿಲು. ಸಾಗವಾನಿ ಹಲಗೆಯ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಬಿಡಿಸುವ ಈ ಕಲೆಯನ್ನು ಕಲಘಟಗಿಯ ಚಿತ್ರಗಾರ ಮನೆತನದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ನಟ ಅಂಬರೀಷ್ ಅವರು ಯಶ್–ರಾಧಿಕಾ ಪಂಡಿತ್ ದಂಪತಿಯ ಮೊದಲ ಮಗುವಿಗೆಂದು ಮಾಡಿಸಲು ಹೇಳಿದ್ದು ಇದೇ ತೊಟ್ಟಿಲು. 2018ರ ನವೆಂಬರ್‌ನಲ್ಲಿ ಅಂಬರೀಷ್ ತೀರಿಕೊಂಡರು. ಅವರ ಉಡುಗೊರೆ ಆಮೇಲೆ ಆ ಮನೆ ಸೇರಿದಾಗ ಕಲಘಟಗಿಯ ಹೆಸರು ರಾಜ್ಯದ ತುಂಬಾ ಓಡಾಡಿತ್ತು.

ಇಂಥ ತೊಟ್ಟಿಲಿಗೆ ಪಾಲಿಶ್ ಪೇಪರ್ ಮುಟ್ಟಿಸಬಾರದು, ಮೇಲೆ ಎನಾಮಲ್ ಬಳಿಯಲೂಬಾರದು. ಒಮ್ಮೆ ಕೆರೆದ ಚಿತ್ರ ಮತ್ತೆ ಬರೋದಿಲ್ಲ. ಮೆತ್ತನೆಯ ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಸ್ಪಿರಿಟ್, ಥಿನ್ನರ್, ಸ್ಯಾನಿಟೈಸರ್ ಹಚ್ಚಿದರೆ ಅರಗು ಕರಗುತ್ತದೆ, ಬಿಸಿನೀರಿಗೆ ಮೆತ್ತಗಾಗುತ್ತದೆ. ಬಣ್ಣ ಹಾರಿದ್ದರೆ ಬಿಡಿಭಾಗಗಳನ್ನು ಕಲಘಟಗಿಗೇ ಒಯ್ದು ಆ ಕಲೆ ಬಲ್ಲವರ ಕೈಯಲ್ಲೇ ತಿದ್ದಿಸೋದು ಒಳ್ಳೆಯದು.

ಅದು ನಿಜವಾಗಿ ಅರಗಿನ ಬಣ್ಣವೋ, ಆಮೇಲೆ ಯಾರೋ ಬಳಿದ ಆಯಿಲ್ ಪೇಂಟೋ ತಿಳಿಯಲು ಸುಲಭ ಉಪಾಯ ಇದೆ. ತಳದಲ್ಲಿ, ಕಾಣದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ ಒಂದು ನಿಮಿಷ ಬಿಡಬೇಕು. ಅಂಟಂಟಾದರೆ ಅರಗು, ಏನೂ ಆಗದಿದ್ದರೆ ಪೇಂಟ್ ಇರುವ ಸಾಧ್ಯತೆ ಹೆಚ್ಚು.

'ಹಳೇ ಕಾಲದ ಬಣ್ಣ, ನೈಸರ್ಗಿಕ, ಏನೂ ಆಗೂದಿಲ್ಲ' ಅನ್ನುವ ಮಾತನ್ನೂ ಪೂರ್ತಿ ನಂಬಬಾರದು. ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಬಳಕೆಯಲ್ಲಿದ್ದ ಹರಿತಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ. ಎರಡೂ ನೆಲದಿಂದ ಬಂದ ಬಣ್ಣಗಳೇ. ಹಳೆ ತೊಟ್ಟಿಲಿನಲ್ಲಿ ಮಗು ಮಲಗಬಹುದು, ನೆಕ್ಕಬಾರದು. ತೊಟ್ಟಿಲಿಗೆ ತೂಗುಬಿಡುವ ಬಣ್ಣದ ಗಿಣಿ, ಬುಗುರಿಗಳು ಕೈಗೆ ಎಟುಕದಷ್ಟು ಮೇಲಿರಲಿ.

ಬಣ್ಣಕ್ಕಿಂತ ಮೊದಲು ಕಟ್ಟಿಗೆ

ಬಣ್ಣದ ಗಡಿಬಿಡಿಯಲ್ಲಿ ತೊಟ್ಟಿಲಿನ ಗಟ್ಟಿತನ ನೋಡೋದು ಮರೆತುಹೋಗುತ್ತದೆ. ಇವಿಷ್ಟು ನೋಡಲೇಬೇಕು:

• ಕಟಕಟೆಯ ಸಂದು: ಸ್ಕೇಲ್ ಹಿಡಿದು ಅಳೆಯಬೇಕು. ಎರಡು ಪಟ್ಟಿಗಳ ನಡುವೆ 6 ಸೆಂಟಿಮೀಟರ್‌ಗಿಂತ ಹೆಚ್ಚು ಜಾಗ ಇರಬಾರದು. ಅದಕ್ಕಿಂತ ಅಗಲ ಇದ್ದರೆ ಮಗುವಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ.

• ಒಂದು ಬದಿ ಇಳಿಸುವ ಮಂಚ: ಕಟಕಟೆ ಮೇಲೆ–ಕೆಳಗೆ ಜಾರುವ ಮಾದರಿಯ ಮಂಚದಲ್ಲಿ ಕೊಂಡಿ ಸಡಿಲಾಗಿ ಮಕ್ಕಳು ಸಿಕ್ಕಿಕೊಂಡು ಸತ್ತ ಕಾರಣ ಅಮೆರಿಕದಲ್ಲಿ 2011ರಿಂದ ಅದರ ಮಾರಾಟ ನಿಷೇಧಿಸಲಾಗಿದೆ. ಅಂಥದ್ದು ಮನೆಯಲ್ಲಿದ್ದರೆ ಆ ಬದಿಯನ್ನು ಬೋಲ್ಟ್ ಹಾಕಿ ಕಾಯಂ ಬಿಗಿಸಬೇಕು ಅಥವಾ ಬಳಸಬಾರದು.

• ಸರಪಳಿ, ಕೊಂಡಿ, ಜಂತಿ: ತೂಗುವ ತೊಟ್ಟಿಲಿನ ಸರಪಳಿಯ ಒಂದೊಂದು ಬಳೆಯನ್ನೂ ನೋಡಬೇಕು. ಸವೆದದ್ದು, ಬಾಯಿ ಬಿಟ್ಟದ್ದು ಇದ್ದರೆ ಬದಲಿಸಬೇಕು. ಕಟ್ಟಿದ ಮೇಲೆ 25 ಕಿಲೋ ಅಕ್ಕಿ ಚೀಲ ಇಟ್ಟು ಸ್ವಲ್ಪ ಹೊತ್ತು ತೂಗಿ ನೋಡಿದರೆ ಮನಸ್ಸಿಗೂ ಸಮಾಧಾನ.

• ಹುಳು: ಸೂಜಿಯಂಥ ತೂತಿನ ಕೆಳಗೆ ಹೊಸ ಹಿಟ್ಟು ಉದುರುತ್ತಿದ್ದರೆ ಹುಳು ಒಳಗೆ ಇನ್ನೂ ಇದೆ ಎಂದರ್ಥ. ಗೆದ್ದಲಿಗೆ ಹೊಡೆಯುವ ಔಷಧಿಯನ್ನು ಮಗುವಿನ ತೊಟ್ಟಿಲಿಗೆ ಹಚ್ಚಬಾರದು. ಆ ಭಾಗವನ್ನೇ ಬದಲಿಸಬೇಕು. ತಿಗಣೆ ಇದ್ದರೆ ಸಂದುಗಳಿಗೆ ಕುದಿಯುವ ನೀರು ಹಾಕಿ, ಪೂರ್ತಿ ಒಣಗಿಸಬೇಕು. ಅರಗಿನ ತೊಟ್ಟಿಲಿಗೆ ಇದು ಬೇಡ.

• ಪ್ಯಾಕಿಂಗ್ ಕಟ್ಟಿಗೆ: ಪ್ಯಾಲೆಟ್ ಹಲಗೆಯಿಂದ ಮಕ್ಕಳ ಕಪಾಟು, ಮಂಚ ಮಾಡಿಸುವವರು ಅದರ ಮೇಲಿನ ಮುದ್ರೆ ನೋಡಬೇಕು. 'ಎಚ್‌ಟಿ' ಅಂದರೆ ಬಿಸಿ ಕೊಟ್ಟು ಹುಳು ಕೊಂದದ್ದು. 'ಎಂಬಿ' ಅಂದರೆ ಮೀಥೈಲ್ ಬ್ರೋಮೈಡ್ ವಿಷಾನಿಲ ಕೊಟ್ಟದ್ದು, ಅದು ಬೇಡ.

• ಒತ್ತು ಹಲಗೆ: ಹಳೆ ಪಾರ್ಟಿಕಲ್ ಬೋರ್ಡ್‌ನ ಸನ್‌ಮೈಕಾ ಕಿತ್ತು ಒಳಭಾಗ ಕಾಣುತ್ತಿದ್ದರೆ ಅಲ್ಲಿಂದ ಫಾರ್ಮಾಲ್ಡಿಹೈಡ್ ಆವಿ ಬರುತ್ತದೆ. ಅಂಚು ಮುಚ್ಚಿಸದೆ ಕೂಸಿನ ಕೋಣೆಗೆ ತರಬಾರದು.

ಮೇಲೆ ಏನು ಹಚ್ಚೋದು?

ಸಾಗವಾನಿ ಕಟ್ಟಿಗೆ ಚಂದ ಇದ್ದರೆ ಬಣ್ಣವೇ ಬೇಕಿಲ್ಲ. ಸ್ಪಿರಿಟ್ ಪಾಲಿಶ್ ಹಳೆಯ ಮತ್ತು ಒಳ್ಳೆಯ ದಾರಿ. ಅದರ ಮೂಲ ಅರಗು. ಶುದ್ಧ ಮಾಡಿದ ಅರಗನ್ನೇ ಮಿಠಾಯಿ, ಮಾತ್ರೆಗಳ ಹೊಳಪಿಗೂ ಬಳಸುತ್ತಾರೆ. ಬೇಗ ಒಣಗುತ್ತದೆ. ಆದರೆ ಕೂಸಿನ ಉಚ್ಚೆ ಬಿದ್ದರೆ ಬಿಳಿ ಕಲೆ ನಿಲ್ಲುತ್ತದೆ. ಹಾಗಾಗಿ ಹೊರಮೈಗೆ ಸರಿ, ಹಾಸಿಗೆ ಕೂಡುವ ತಳಕ್ಕೆ ಅಷ್ಟು ಹೊಂದೋದಿಲ್ಲ.

ಅಗಸಿ ಎಣ್ಣೆ ಉತ್ತರ ಕರ್ನಾಟಕದಲ್ಲಿ ಗೊತ್ತಿರುವ ಸಾಮಾನು. ಅದು ಗಾಳಿಗೆ ತಾನೇ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ ಹಚ್ಚಿದರೆ ಹಾಗಾಗೋದಿಲ್ಲ, ಕಮಟು ವಾಸನೆ ಬರುತ್ತದೆ. ಪೇಂಟ್ ಅಂಗಡಿಯಲ್ಲಿ ಸಿಗುವ 'ಬಾಯ್ಲ್ಡ್' ಅಗಸಿ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ. ತೊಟ್ಟಿಲಿಗೆ ಗಾಣದ ಶುದ್ಧ ಎಣ್ಣೆಯೇ ಮೇಲು. ಅದು ಗಟ್ಟಿಯಾಗಲು ವಾರಗಟ್ಟಲೆ ಹಿಡಿಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ತಾನೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಹರವಿ ಒಣಗಿಸಿ, ಆಮೇಲೆ ಬಿಸಾಡಬೇಕು.

ಬಣ್ಣವೇ ಬೇಕು ಅಂದರೆ ನೀರಿನ ಆಧಾರದ ಬಣ್ಣ ಅಥವಾ ನೀರಿನ ಆಧಾರದ ಪಿಯು ಕೋಟಿಂಗ್ ಕೇಳಬೇಕು. ಡಬ್ಬಿಯ ಮೇಲೆ ಸೀಸ 90 ಪಿಪಿಎಂ ಒಳಗೆ ಅನ್ನುವ ಮುದ್ರಣ ಇರಲೇಬೇಕು. ಸಡಿಲ ಡಬ್ಬಿಯಲ್ಲಿ ತೂಗಿ ಕೊಡುವ ಪೇಂಟ್, ಗ್ಯಾರೇಜಿನಲ್ಲಿ ಉಳಿದ ಗಾಡಿ ಪೇಂಟ್, ಹಿಂದಿನ ದೀಪಾವಳಿಗೆ ಗೇಟಿಗೆ ಹೊಡೆದು ಉಳಿದದ್ದು ಯಾವುದೂ ತೊಟ್ಟಿಲಿಗೆ ಬೇಡ. ಪೇಂಟರ್ ತಾನೇ ಬಣ್ಣ ತರುವುದಾದರೆ ಖಾಲಿ ಡಬ್ಬಿ ತೋರಿಸಲು ಮೊದಲೇ ಹೇಳಬೇಕು. ತೂತು ತುಂಬಲು ಕಟ್ಟಿಗೆಯ ಹೊಟ್ಟಿಗೆ ಫೆವಿಕಾಲ್ ಕಲಸಿದ ಲೇಪ ಸಾಕು.

ತಿಂಗಳ ಲೆಕ್ಕದಲ್ಲಿ ಹೇಳೋದಾದರೆ

ಐದು–ಆರನೇ ತಿಂಗಳಲ್ಲಿ ತೊಟ್ಟಿಲು ಇಳಿಸಿ ನೋಡೋದು. ಏಳನೇ ತಿಂಗಳೊಳಗೆ ಕೆರೆಯುವ, ರಿಪೇರಿ ಮಾಡುವ, ಬಣ್ಣದ ಕೆಲಸ ಮನೆಯ ಹೊರಗೆ ಮುಗಿಸೋದು. ಎಂಟನೇ ತಿಂಗಳು ಪೂರ್ತಿ ಗಾಳಿ ಆಡುವ ನೆರಳಿನಲ್ಲಿ ಬಿಡೋದು. ಒಳಗೆ ತರುವ ಮುನ್ನ ಮೂಗಿಗೆ ಹತ್ತಿರ ಹಿಡಿದು ನೋಡಬೇಕು. ವಾಸನೆ ಬಂದರೆ ಇನ್ನೊಂದು ವಾರ.

ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಹಾಸಿಗೆಗೂ ತೊಟ್ಟಿಲಿನ ಗೋಡೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು. ಕೂಸನ್ನು ಅಂಗಾತ ಮಲಗಿಸಬೇಕು. ದಿಂಬು, ದಪ್ಪ ಕೌದಿ ಒಳಗೆ ಬೇಡ. ಮಗು ಮಗುಚಿಕೊಳ್ಳಲು, ಕೈಯೂರಿ ಏಳಲು ಶುರು ಮಾಡಿದ ದಿನ ತೂಗುವ ತೊಟ್ಟಿಲಿನ ಕೆಲಸ ಮುಗಿಯಿತು.

ಈಗಾಗಲೇ ಒಣ ಪೇಪರ್‌ನಿಂದ ಉಜ್ಜಿ ಆಗಿದೆ, ಗರ್ಭಿಣಿಯೂ ಅಲ್ಲೇ ಇದ್ದಳು ಅಂದರೆ ಗಾಬರಿ ಬೇಡ, ಮುಚ್ಚಿಡಲೂ ಬೇಡ. ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ತಪಾಸಣೆ ಮಾಡುವ ಡಾಕ್ಟರ್‌ಗೆ ವಿಷಯ ಹೇಳಬೇಕು. ರಕ್ತದಲ್ಲಿನ ಸೀಸ ಅಳೆಯುವ ಪರೀಕ್ಷೆ ಇದೆ. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಕಂಡರೆ ಅದು ಎಲ್ಲಿಂದ ಬಂತು ಅಂತ ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇನ್ನು ದಿನ ತೀರಾ ಹತ್ತಿರ ಬಂದಿದೆ, ಬಣ್ಣಕ್ಕೆ ಟೈಮೇ ಇಲ್ಲ ಅನ್ನುವವರು? ಹಕ್ಕಳೆ ಎದ್ದ ತೊಟ್ಟಿಲನ್ನು ಈ ಸಲ ಅಟ್ಟದ ಮೇಲೇ ಬಿಟ್ಟು, ಕಾರ್ಯಕ್ಕೆ ಬೇರೆ ಮನೆಯಿಂದ ಒಂದು ತಂದರಾಯಿತು. ಬರೀ ಮಾಸಿದೆ, ಬಣ್ಣ ಗಟ್ಟಿ ಇದೆ ಅಂದರೆ ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಹಾಗೇ ಕಟ್ಟಬಹುದು. ಫೋಟೋಕ್ಕೆ ಚಂದ ಕಾಣಬೇಕು ಅಂದರೆ ಅಜ್ಜಿಯ ಒಂದು ಇಳಕಲ್ ಸೀರೆ, ನಾಲ್ಕು ಮೊಳ ಮಲ್ಲಿಗೆ ಇದ್ದೇ ಇದೆ.